ಮಹಡಿ ತಾತನ ಕೋಣೆಯ ಎತ್ತರ

ನಾವು ಸಿಡ್ನಿಗೆ ಬಂದದ್ದು ಎಂಬತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳಲ್ಲಿ. ನಾನು ಮೈಸೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ ಆರು ವರ್ಷ ಸರ್ಕಾರಿ ಕೆಲಸ ಮಾಡಿದ್ದವನು. ಹೆಂಡತಿಗೆ ಆಗ ಐದು ತಿಂಗಳು. ಕೈಯಲ್ಲಿ ಕೆಲಸವಿಲ್ಲದ, ಇಲ್ಲಿ ಯಾರ ಶಿಫಾರಸೂ ಇಲ್ಲದ ನಮಗೆ ಯಾವ ಏಜೆಂಟರೂ ಮನೆ ಕೊಡಲಿಲ್ಲ. ಕೊಟ್ಟವರು ಒಬ್ಬ ಡಾಕ್ಟರು. ಅವರೂ ನಮ್ಮೂರ ಕಡೆಯವರು, ಇಪ್ಪತ್ತು ವರ್ಷದಿಂದ ಇಲ್ಲಿದ್ದವರು. ಗಣೇಶನ ಹಬ್ಬಕ್ಕೆ ಬಾಡಿಗೆ ಹಾಲ್ ಗೊತ್ತು ಮಾಡುವುದರಿಂದ ಹಿಡಿದು ಹೊಸದಾಗಿ ಬಂದವರಿಗೆ ಕಂಬಳಿ ಹೊಂದಿಸುವವರೆಗೆ ಎಲ್ಲದಕ್ಕೂ ಅವರೇ ಮುಂದೆ.

ಅವರದ್ದೇ ಆದ ಆ ಮನೆ ಪಶ್ಚಿಮದ ಒಂದು ಸಬರ್ಬಿನಲ್ಲಿ, ರೈಲು ಹಳಿಗೆ ಬೆನ್ನು ಹಾಕಿಕೊಂಡು ನಿಂತಿತ್ತು. ಹಳೆಯ ಇಟ್ಟಿಗೆ ಮನೆ, ಮೇಲೊಂದು ಮಹಡಿ. ಒಂದು ಕಾಲಕ್ಕೆ ಒಂದೇ ಸಂಸಾರವಿದ್ದ ಮನೆಯನ್ನು ಯಾರೋ ಹಲಗೆ ಹೊಡೆದು ಒಂಬತ್ತು ಕೋಣೆ ಮಾಡಿದ್ದರು. ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಎರಡು ಬಚ್ಚಲು. ನಮ್ಮದು ಕೆಳಗಡೆ ಹಿಂದಿನ ಕೋಣೆ. ಅದರ ಕಿಟಕಿಗೆ ಎಷ್ಟು ಸಲ ಬಣ್ಣ ಬಳಿದಿದ್ದರೋ, ಚೌಕಟ್ಟಿಗೆ ಅಂಟಿಕೊಂಡು ತೆರೆಯುತ್ತಲೇ ಇರಲಿಲ್ಲ. ಮೂಲೆಯ ಗೋಡೆ ಸದಾ ಒದ್ದೆ. ನನ್ನ ಹೆಂಡತಿ ವಾರಕ್ಕೊಮ್ಮೆ ವಿನೆಗರ್ ಹಾಕಿ ಉಜ್ಜುವಳು. ಮುಂದಿನ ವಾರದ ಹೊತ್ತಿಗೆ ಕಪ್ಪು ಬೂಷ್ಟು ಮತ್ತೆ ಅಷ್ಟೇ ಅಗಲಕ್ಕೆ ಹಬ್ಬಿರುತ್ತಿತ್ತು.

ಮಹಡಿಯ ಮೇಲೆ, ಸೂರಿನಡಿಯ ಕೋಣೆಯಲ್ಲಿ ಒಬ್ಬ ಮುದುಕರಿದ್ದರು. ಮಾಲ್ಟಾ ದ್ವೀಪದವರು, ಹೆಂಡತಿ ಮಕ್ಕಳಿಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ಬೆನ್ನು ಹಾಳುಮಾಡಿಕೊಂಡು ಬೇಗ ನಿವೃತ್ತರಾದವರು. ಹತ್ತೊಂಬತ್ತು ವರ್ಷದಿಂದ ಅದೇ ಕೋಣೆ. ನಾವು ಅವರನ್ನು ನಮ್ಮೊಳಗೆ ಮಹಡಿ ತಾತ ಅಂತ ಕರೆಯುತ್ತಿದ್ದೆವು. ಸಿಡ್ನಿಯಲ್ಲಿ ಸುಡುಬಿಸಿಲಿನ ನಡುವೆ ಒಮ್ಮೆಲೇ ದಕ್ಷಿಣದ ಗಾಳಿ ಎದ್ದು ಮಳೆ ಸುರಿಯುವುದುಂಟು. ಅದರ ಲಕ್ಷಣ ನಮಗೆ ತಿಳಿಯುತ್ತಿರಲಿಲ್ಲ. ತಾತ ಮಾತ್ರ ಮೆಟ್ಟಿಲಿಳಿದು ಬಂದು ಹಗ್ಗದ ಮೇಲಿನ ನಮ್ಮ ಬಟ್ಟೆಗಳನ್ನು ತೆಗೆದು, ಮಡಿಸಿ, ನಮ್ಮ ಬಾಗಿಲ ಮುಂದೆ ಇಟ್ಟು ಹೋಗಿರುತ್ತಿದ್ದರು. ಸೀರೆಯನ್ನು ಹೇಗೆ ಮಡಿಸುವುದೆಂದು ಗೊತ್ತಾಗದೆ ಅದನ್ನೊಂದು ಉಂಡೆ ಮಾಡಿ ಮೇಲಿಡುತ್ತಿದ್ದರು.

ಮಗಳು ಹುಟ್ಟಿದ್ದು ಆ ಮನೆಯಲ್ಲಿದ್ದಾಗಲೇ. ಆರನೇ ತಿಂಗಳಿಗೆ, ಚಳಿ ಶುರುವಾಗುವ ಹೊತ್ತಿಗೆ, ಅವಳಿಗೆ ಕೆಮ್ಮು ಹಿಡಿಯಿತು. ಉಸಿರೆಳೆದರೆ ಎದೆಯಲ್ಲಿ ಸುಯ್ ಎನ್ನುವ ಸದ್ದು. ಡಾಕ್ಟರು ತಾವೇ ಬಂದರು. ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮಗುವಿನ ಬೆನ್ನಿಗಿಟ್ಟರು. ಸಿರಪ್ ಬರೆದುಕೊಟ್ಟರು.

"ರೂಮನ್ನ ಸ್ವಲ್ಪ ಬೆಚ್ಚಗಿಡಮ್ಮ," ಅಂದರು ನನ್ನ ಹೆಂಡತಿಗೆ. "ಈ ಕ್ಲೈಮೇಟ್‌ಗೆ ಅಡ್ಜಸ್ಟ್ ಆಗೋಕೆ ಟೈಮ್ ಬೇಕು."

ತೊಟ್ಟಿಲ ಹಿಂದಿನ ಆ ಒದ್ದೆ ಗೋಡೆ ಅವರ ಭುಜದಿಂದ ಒಂದು ಮೊಳ ದೂರದಲ್ಲಿತ್ತು. ಅವರು ಅತ್ತ ನೋಡಲಿಲ್ಲ. ನಾವೂ ತೋರಿಸಲಿಲ್ಲ. ಅವರು ಫೀಸು ತೆಗೆದುಕೊಳ್ಳದೆ ಹೋದರು.

ಮುಂದಿನ ಚಳಿಗಾಲಕ್ಕೆ ಮುಂಚೆ ನಾವು ಆ ಮನೆ ಬಿಟ್ಟೆವು. ನನಗೆ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತ್ತು. ಸಂಜೆ ತರಗತಿಗಳಿಗೆ ಹೋಗಿ ಇಲ್ಲಿನ ಒಂದು ಪರೀಕ್ಷೆ ಕಟ್ಟಿ, ತೊಂಬತ್ತರ ದಶಕದ ಆರಂಭದಲ್ಲಿ ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ, ಕಟ್ಟಡ ವಿಭಾಗ ಸೇರಿದೆ. ಸಿಡ್ನಿಯ ಹೊರವಲಯದ ಕ್ವೇಕರ್ಸ್ ಹಿಲ್‌ನಲ್ಲಿ ಚಿಕ್ಕದೊಂದು ಮನೆ ಮಾಡಿದೆವು. ಮಗಳ ಎದೆಯ ಸದ್ದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ನನ್ನ ಕೆಲಸ ಹಳೆಯ ಕಟ್ಟಡಗಳ ತಪಾಸಣೆ. ಹೊಸದಾಗಿ ಕಟ್ಟುವವರಿಗೆ ದಪ್ಪ ಪುಸ್ತಕದ ತುಂಬ ನಿಯಮಗಳಿದ್ದವು. ಅವನ್ನೆಲ್ಲ ಹಳೆಯ ಮನೆಗಳ ಮೇಲೆ ಹೇರಿದರೆ ಅರ್ಧ ಊರನ್ನೇ ಖಾಲಿ ಮಾಡಿಸಬೇಕಾಗುತ್ತದೆ. ಹಾಗಾಗಿ ಹಳೆಯವಕ್ಕೆ ಬೇರೆಯದೇ ಒಂದು ತೆಳುವಾದ ಪಟ್ಟಿ ಇತ್ತು. ಬೆಂಕಿ ಬಿದ್ದರೆ ಹೊರಗೋಡಲು ದಾರಿ, ಹೊಗೆ ಕಂಡರೆ ಕೂಗುವ ಅಲಾರಂ, ತೆರೆಯುವ ಕಿಟಕಿ, ಒಣ ಗೋಡೆ, ತಲೆಯ ಮೇಲೆ ಇಷ್ಟು ಎತ್ತರ. ಇದಕ್ಕಿಂತ ಕಡಿಮೆ ಇರುವ ಕಡೆ ಮನುಷ್ಯರು ಮಲಗಬಾರದು ಅನ್ನುವ ಕಟ್ಟಕಡೆಯ ಗೆರೆ ಅದು. ಆ ಪಟ್ಟಿಯನ್ನು ಮೊದಲ ಸಲ ಓದಿದಾಗ, ಹುಟ್ಟಿದ ಕೂಸನ್ನು ನಾನು ಮಲಗಿಸಿದ್ದು ಆ ಗೆರೆಗಿಂತ ಎಷ್ಟು ಕೆಳಗೆ ಎಂದು ಲೆಕ್ಕ ಹಾಕದೆ ಇರಲಾಗಲಿಲ್ಲ.

ಎರಡನೆಯ ವರ್ಷ, ತಪಾಸಣೆ ಮಾಡಬೇಕಾದ ಬಾಡಿಗೆ ಕೋಣೆಗಳ ಮನೆಗಳಲ್ಲಿ ಆ ಮನೆಯ ವಿಳಾಸವೂ ಬಂತು. ನಾನು ಅಲ್ಲಿ ಬಾಡಿಗೆಗೆ ಇದ್ದವನು, ಮಾಲೀಕರು ಪರಿಚಯದವರು ಎಂದು ನನ್ನ ಮೇಲಿನ ಅಧಿಕಾರಿಗೆ ಹೇಳಿದೆ. ಅವನು ಮಿತಭಾಷಿ. "ನೀನು ಟೇಪ್ ಹಿಡಿ ಸಾಕು. ಸಹಿ ನನ್ನದು," ಅಂದ.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೋಗಿ ಬನ್ನಿ. ಇರೋದನ್ನ ಇರೋ ಹಾಗೆ ಬರೀರಿ," ಅಂದಳು.

"ಅವರು ನಮಗೆ ಉಪಕಾರ ಮಾಡಿದೋರು ಕಣೇ."

"ಉಪಕಾರ ಮಾಡಿದ್ರು, ಇಲ್ಲ ಅನ್ನಲ್ಲ. ಆ ಗೋಡೆನೂ ಅವರದ್ದೇ. ಇನ್ನೊಂದು ಮಗು ಅಲ್ಲಿ ಮಲಗೋದು ಬೇಡ ರೀ."

ತಪಾಸಣೆಗೆ ಹೋದ ದಿನ ಮನೆ ನಾವು ಬಿಟ್ಟಾಗ ಹೇಗಿತ್ತೋ ಹಾಗೇ ಇತ್ತು. ಇರುವುದೊಂದೇ ಮರದ ಮೆಟ್ಟಿಲು. ಅದರ ಕೆಳಗೆ ಹಳೆಯ ಹಾಸಿಗೆ, ಪೇಪರ್ ರಾಶಿ. ಅಲಾರಂ ಒಂದೂ ಇಲ್ಲ. ನಮ್ಮ ಕೋಣೆಯಲ್ಲಿ ಈಗ ಇಬ್ಬರು ವಿದ್ಯಾರ್ಥಿಗಳಿದ್ದರು. ಬೂಷ್ಟಿನ ಗೋಡೆಗೆ ಒಂದು ಬೆಡ್‌ಶೀಟ್ ತೂಗುಹಾಕಿದ್ದರು. ನಾನು ಎಲ್ಲವನ್ನೂ ಬರೆದುಕೊಂಡೆ. ಬರೆಯುವಾಗ ಒಂದು ಬಗೆಯ ಸಮಾಧಾನವೂ ಆಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮಹಡಿ ಹತ್ತಿದಾಗ ತಾತ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಮಗಳ ಬಗ್ಗೆ ಕೇಳಿದರು. ನನ್ನ ಅಧಿಕಾರಿಗೆ ಕುರ್ಚಿ ಕೊಟ್ಟು ಟೀಗೆ ನೀರಿಟ್ಟರು. ನಾನು ಸೂರಿನ ಎತ್ತರ ಅಳೆಯಲು ಟೇಪ್ ತೆಗೆದೆ. ಒಬ್ಬನೇ ಹಿಡಿಯಲು ಒದ್ದಾಡುವುದನ್ನು ನೋಡಿ ತಾತ ನೋಯುವ ಬೆನ್ನು ಬಗ್ಗಿಸಿ, ಮೊಣಕಾಲೂರಿ, ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದರು.

"ಎಷ್ಟಾಯಿತು?" ಅಂತ ಅವರೇ ಕೇಳಿದರು.

"ಎರಡು ಮೀಟರ್ ಹದಿನೆಂಟು."

"ಎಷ್ಟಿರಬೇಕು?"

"ಎರಡು ನಲವತ್ತು."

ತಾತ ಎದ್ದು ನಿಂತು ತಮ್ಮ ತಲೆಯ ಮೇಲೆ ಕೈಯಾಡಿಸಿದರು. ಕುಳ್ಳಗಿನ ಮನುಷ್ಯ. "ನನಗೆ ಇನ್ನೂ ಎಷ್ಟೊಂದು ಜಾಗ ಉಳಿದಿದೆ," ಅಂದರು. ನನ್ನ ಅಧಿಕಾರಿ ನಕ್ಕ. ನಾನು ಸಂಖ್ಯೆಯನ್ನು ಬರೆದೆ. ಮೆಟ್ಟಿಲು ಇನ್ನೊಂದು ಹಾಕಿಸಬಹುದು, ಗೋಡೆ ಒಣಗಿಸಬಹುದು. ಸೂರನ್ನು ಎತ್ತುವುದು ಯಾರಿಂದಲೂ ಆಗುವಂಥದ್ದಲ್ಲ. ಬೇರೆ ಏನು ಸರಿಪಡಿಸಿದರೂ ಆ ಕೋಣೆಯಲ್ಲಿ ಯಾರೂ ವಾಸಿಸುವಂತಿಲ್ಲ ಎಂಬುದು ಟೀ ಕುಡಿಯುವಾಗಲೇ ನನಗೆ ಗೊತ್ತಿತ್ತು. ತಾತನಿಗೆ ಹೇಳಲಿಲ್ಲ. ಬಿಸ್ಕತ್ತು ತಿಂದು ಬಂದೆ.

ಮನೆ ಸರಿಪಡಿಸಬೇಕು, ಮಹಡಿಯ ಕೋಣೆ ಖಾಲಿ ಮಾಡಿಸಬೇಕು ಎಂದು ಕೌನ್ಸಿಲ್‌ನ ಆರ್ಡರ್ ಹೋದ ವಾರವೇ ಡಾಕ್ಟರು ನಮ್ಮ ಮನೆಗೆ ಬಂದರು. ಹೆಂಡತಿ ಕಾಫಿ ತಂದಿಟ್ಟಳು. ಅವರು ಮುಟ್ಟಲಿಲ್ಲ.

"ನಂಗೆ ಒಂದು ಫೋನ್ ಮಾಡಬಹುದಿತ್ತಲ್ಲಪ್ಪ," ಅಂದರು.

"ಮುಂಚೆ ಹೇಳೋ ಹಾಗಿಲ್ಲ ಸಾರ್."

"ನಿಮಗೆ ಯಾರೂ ಮನೆ ಕೊಡದಿದ್ದಾಗ ಕೊಟ್ಟೆ. ಅವಾಗ ಆ ಕಿಟಕಿ, ಆ ಗೋಡೆ ಎಲ್ಲ ಸರಿಯಾಗಿತ್ತಾ?"

ಹೆಂಡತಿ ಹೇಳಿದಳು, "ಅವಾಗಲೂ ಸರಿ ಇರಲಿಲ್ಲ ಡಾಕ್ಟ್ರೇ. ನಮಗೆ ಬಾಯಿ ಇರಲಿಲ್ಲ."

ಡಾಕ್ಟರು ಎದ್ದರು. "ರಿಪೇರಿ ಮಾಡಿಸೋ ಶಕ್ತಿ ನಂಗಿಲ್ಲ. ಮುಚ್ಚಿಬಿಡ್ತೀನಿ. ಅಷ್ಟೂ ಜನ ಎಲ್ಲಿಗೆ ಹೋಗ್ತಾರೆ ಅಂತ ನಿಮ್ಮ ಆಫೀಸಿನೋರು ಬರೆದಿದ್ದಾರಾ ಅದರಲ್ಲಿ?"

ಬರೆದಿರಲಿಲ್ಲ. ಅದಕ್ಕೆ ಆ ಕಾಗದದಲ್ಲಿ ಜಾಗವಿರಲಿಲ್ಲ.

ಮನೆ ಖಾಲಿಯಾದ ಶನಿವಾರ ನಾನು ಕಾರು ತೆಗೆದುಕೊಂಡು ಹೋದೆ. ತಾತನ ಸಾಮಾನು ಒಂದೇ ಸಲಕ್ಕೆ ಹಿಡಿಸಿತು. ಹತ್ತೊಂಬತ್ತು ವರ್ಷಕ್ಕೆ ಇನ್ನೂ ನಾಲ್ಕೈದು ಸೇರಿತ್ತು ಆಗ. ಯಾರೋ ಹಳೆಯ ಸಹೋದ್ಯೋಗಿಯ ಮೂಲಕ ಅವರು ಒಂದು ಜಾಗ ಹುಡುಕಿಕೊಂಡಿದ್ದರು. ನಮ್ಮ ಕೌನ್ಸಿಲ್ ಎಲ್ಲೆಯ ಆಚೆ, ಒಂದು ಮನೆಯ ಹಿತ್ತಲಿನ ಕಾರ್ ಗರಾಜು. ಒಳಗೆ ಮಂಚ, ಒಂದು ಸಿಂಕು, ಮೂಲೆಯಲ್ಲಿ ಹಳೆಯ ಗ್ಯಾಸ್ ಹೀಟರ್. ಅದರ ವಿಷಗಾಳಿ ಹೊರಗೆ ಹೋಗಲು ಕೊಳವೆ ಇರಲಿಲ್ಲ. ಇದ್ದೊಂದು ಗಾಜಿನ ಕಿಟಕಿಯ ಸಂದುಗಳಿಗೆ ಚಳಿಗಾಳಿ ಬಾರದಂತೆ ಟೇಪು ಅಂಟಿಸಿದ್ದರು.

ಇಂಥದ್ದನ್ನೇ ಕಂಡುಹಿಡಿಯಲು ನನಗೆ ಸಂಬಳ ಬರುತ್ತಿತ್ತು. ಬಾಗಿಲಲ್ಲಿ ನಿಂತ ಕೂಡಲೇ ಕಂಡೆ.

"ಈ ಹೀಟರ್ ಅಪಾಯ. ಹಚ್ಚಿದರೆ ಕಿಟಕಿ ತೆಗೆದಿಡಿ," ಅಂದೆ.

"ಕಿಟಕಿ ತೆಗೆದರೆ ಹೀಟರ್ ಯಾಕೆ?" ಅಂತ ತಾತ ನಕ್ಕರು. ಆಮೇಲೆ ನನ್ನ ಮುಖ ನೋಡಿ ತಗ್ಗಿದ ದನಿಯಲ್ಲಿ ಕೇಳಿದರು. "ನೀನು ಇದನ್ನೂ ಬರೆಯುವುದಿಲ್ಲ ತಾನೇ?"

ಆ ಭಾಗದ ಕೌನ್ಸಿಲ್‌ಗೆ ಒಂದು ಫೋನ್ ಸಾಕಿತ್ತು. ಮಾಡಿದರೆ ಒಂದು ತಿಂಗಳೊಳಗೆ ಅವರು ಮತ್ತೆ ಬೀದಿಯಲ್ಲಿ. ಎರಡನೆಯ ಸಲವೂ ಅವರನ್ನು ಹೊರಹಾಕಿಸಿದವನು ನಾನೇ ಆಗುತ್ತಿದ್ದೆ. "ಇಲ್ಲ," ಅಂದೆ. ನನ್ನ ಕಾರ್ಡ್ ಕೊಟ್ಟೆ. ಏನೇ ಆದರೂ ಫೋನ್ ಮಾಡಿ ಅಂದೆ. ಕೊಳವೆಯಿರುವ ಬೇರೆ ಹೀಟರ್ ಹುಡುಕಿ ತಂದುಕೊಡೋಣ ಅಂದುಕೊಂಡೆ. ಆ ಬೇಸಿಗೆಯೆಲ್ಲ ಅಂದುಕೊಳ್ಳುತ್ತಲೇ ಇದ್ದೆ. ಎರಡು ಸಲ ಭಾನುವಾರ ಹೆಂಡತಿ ಮಾಡಿದ ಚಿತ್ರಾನ್ನ ತೆಗೆದುಕೊಂಡು ಹೋದೆವು. ಬಿಸಿಲಿನ ದಿನಗಳು, ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು. ಹೀಟರಿನ ಮಾತು ಬರಲಿಲ್ಲ.

ಇಲ್ಲಿ ಕಡುಚಳಿಯ ಜುಲೈ ತಿಂಗಳ ಒಂದು ಬೆಳಗ್ಗೆ ಕಚೇರಿಗೆ ಪೊಲೀಸರ ಫೋನು ಬಂತು. ಗರಾಜಿನಲ್ಲಿದ್ದ ಮುದುಕ ತೀರಿಕೊಂಡಿದ್ದಾನೆ, ಸಿಂಕಿನ ಮೇಲೆ ನನ್ನ ಕಾರ್ಡ್ ಸಿಕ್ಕಿಸಿತ್ತು ಅಂದರು. ಹೀಟರ್ ಹಚ್ಚಿ ಮಲಗಿದ್ದರು. ಮೂರು ದಿನ ಯಾರೂ ನೋಡಿರಲಿಲ್ಲ.

"ನೀವು ಆ ಜಾಗ ತಪಾಸಣೆ ಮಾಡಿದ್ದಿರಾ?" ಅಂತ ಪೊಲೀಸ್ ಕೇಳಿದ.

"ತಪಾಸಣೆ ಅಲ್ಲ. ಪರಿಚಯದವನಾಗಿ ಹೋಗಿದ್ದೆ."

"ಹೀಟರ್ ನೋಡಿದ್ದಿರಾ?"

"ನೋಡಿದ್ದೆ," ಅಂದೆ.

ಅದನ್ನೇ ಮುಂದೆ ಹೇಳಿಕೆಯಲ್ಲೂ ಬರೆದುಕೊಟ್ಟೆ. ನನಗೇನೂ ಆಗಲಿಲ್ಲ. ಅದು ನಮ್ಮ ಕೌನ್ಸಿಲ್ ವ್ಯಾಪ್ತಿಯಲ್ಲ, ನಾನು ಅಲ್ಲಿ ಕೆಲಸದ ಮೇಲೆ ಹೋದವನಲ್ಲ. ನನ್ನ ಅಧಿಕಾರಿ ಹೆಗಲ ಮೇಲೆ ಕೈಯಿಟ್ಟು, "ನಿನ್ನ ತಪ್ಪಿಲ್ಲ," ಅಂದ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಚರ್ಚಿನಲ್ಲಿ ಪಾದ್ರಿಯನ್ನು ಬಿಟ್ಟರೆ ಏಳು ಜನ. ಕೊನೆಯ ಬೆಂಚಿನಲ್ಲಿ ಡಾಕ್ಟರು ಕೂತಿದ್ದರು. ನಾನು ಅವರನ್ನು ನಿರೀಕ್ಷಿಸಿರಲಿಲ್ಲ. ಹೊರಗೆ ಬಂದಮೇಲೆ ಅವರು ನನ್ನ ಪಕ್ಕ ನಿಂತರು.

"ಅವರ ಬಿಪಿ ನಾನೇ ನೋಡ್ತಿದ್ದೆ. ತಿಂಗಳಿಗೊಂದ್ಸಲ ಆ ಮೆಟ್ಟಿಲು ಹತ್ತುತ್ತಿದ್ದೆ," ಅಂದರು. "ಗರಾಜಿಗೂ ಹೋಗ್ತೀನಿ ಅಂದಿದ್ದೆ. ಹೋಗಲಿಲ್ಲ ಕಣಪ್ಪ."

ನನ್ನನ್ನು ಬೈಯಲು ಅವರಿಗೆ ಎಲ್ಲ ಕಾರಣವೂ ಇತ್ತು, ನನಗೂ ಅವರನ್ನು ಬೈಯಲು ಇತ್ತು. ಅವರು ತಮ್ಮ ಕಾರಿನ ಕಡೆ ನಡೆದರು. ಹೆಂಡತಿ ದೂರದಲ್ಲಿ ಮಗಳ ಕೈ ಹಿಡಿದು ನಿಂತಿದ್ದಳು. ಮನೆಗೆ ಬಂದಮೇಲೆ ಒಂದೇ ಮಾತು ಹೇಳಿದಳು: "ಇರೋದನ್ನ ಇರೋ ಹಾಗೆ ಬರೀರಿ ಅಂದೋಳು ನಾನೇ." ಅವಳು ಹೇಳಿದ್ದು ತಪ್ಪಾಗಿರಲಿಲ್ಲ. ಆ ಮರದ ಮೆಟ್ಟಿಲಿಗೆ ಬೆಂಕಿ ತಗುಲಿದ್ದರೆ ಒಬ್ಬರಲ್ಲ, ಹತ್ತು ಹನ್ನೆರಡು ಜನ ಹೋಗುತ್ತಿದ್ದರು. ಅದನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ನಂಬಿಕೆಯಿಂದ ನಿದ್ದೆಯೇನೂ ಬರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಮುಂಚೆ ನಾವು ಮೆಲ್ಬರ್ನಿಗೆ ಹೋಗಿ ವೆರಿಬೀಯಲ್ಲಿ ನೆಲೆಸಿದೆವು. ಕೆಲಸ ಮತ್ತೆ ಅದೇ. ಅಲ್ಲಿ ಒಂದು ಹಳೆಯ ಮನೆಯ ತಪಾಸಣೆಗೆ ಹೋದಾಗ ಏಳು ಹೆಂಗಸರಿದ್ದರು. ಬಹುಪಾಲು ಕಾರ್ಖಾನೆ ಕೆಲಸದವರು. ಹಿಂದಿನ ಬಾಗಿಲಿಗೆ ಹೊರಗಿನಿಂದ ಮೊಳೆ ಹೊಡೆದಿತ್ತು. ಎಲ್ಲವನ್ನೂ ಬರೆದೆ, ಏನನ್ನೂ ಬಿಡಲಿಲ್ಲ. ಆಮೇಲೆ ಕಚೇರಿಗೆ ಬಂದು, ಆ ಏಳು ಜನಕ್ಕೆ ಜಾಗ ಕೇಳಿಕೊಂಡು ಎರಡು ದಿನ ಫೋನ್ ಹಿಡಿದು ಕೂತೆ. ಹೊಸ ಅಧಿಕಾರಿಣಿ ಬಂದು, ಅದು ನಮ್ಮ ಕೆಲಸವಲ್ಲವಲ್ಲ ಅಂದಳು. ಹೌದು, ಅಲ್ಲ ಅಂದೆ.

ಇಬ್ಬರಿಗೆ ಕೋಣೆ ಸಿಕ್ಕಿತು. ಒಬ್ಬಳು ಅಕ್ಕನ ಮನೆಗೆ ಹೋದಳು. ಉಳಿದ ನಾಲ್ವರು ಚೀಲ ಹಿಡಿದು ಒಂದು ವ್ಯಾನ್ ಹತ್ತಿದರು. ಎಲ್ಲಿಗೆ ಎಂದು ಕೇಳಿದೆ. ಅವರಲ್ಲಿ ಹಿರಿಯಳು ನನ್ನ ಕೈಯಲ್ಲಿದ್ದ ಫೈಲನ್ನೊಮ್ಮೆ ನೋಡಿ ವ್ಯಾನಿನ ಬಾಗಿಲೆಳೆದುಕೊಂಡಳು.