ಚೌಕ ಹಾಕಿ ದೊಡ್ಡದು ಮಾಡಿದ ಗೆರೆ

1963ರ ಜೂನ್ 9, ಆದಿತ್ಯವಾರ, ಬೆಳಿಗ್ಗೆ ಏಳೂಕಾಲು. ನನ್ನ ದಿನಚರಿಯಲ್ಲಿ ಹೀಗಿದೆ: ‘ಇಂದಿನಿಂದ ಯೋಚಿಸದೆ ಚಿತ್ರ ಬರೆಯುವುದು.’

ಆಗ ನಾನು ಬಿ.ಸಿ.ರೋಡಿನಲ್ಲಿ ಸೋದರಮಾವನ ಬೋರ್ಡ್ ಬರೆಯುವ ಅಂಗಡಿಯಲ್ಲಿದ್ದೆ. ಬೆಳ್ತಂಗಡಿಯ ಡ್ರಾಯಿಂಗ್ ಮಾಸ್ಟ್ರು ಇಂಗ್ಲಿಷ್ ಪತ್ರಿಕೆಯೊಂದನ್ನು ಓದಿ, ಒಳಮನಸ್ಸನ್ನು ಚಿತ್ರಕ್ಕಿಳಿಸುವ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕಲಾವಿದರಲ್ಲೇ ಎರಡು ಪಕ್ಷಗಳಿವೆ ಎಂದು ನನಗೂ ಮಾವನಿಗೂ ವಿವರಿಸಿದ್ದರು. ಮನಸ್ಸಿನ ಹಿಡಿತವಿಲ್ಲದೆ ಕೈಯನ್ನು ಓಡಬಿಡಬೇಕು ಎನ್ನುವವರು ಕೆಲವರು. ಕಂಡ ಕನಸನ್ನು ಫೋಟೋದಷ್ಟು ಖಚಿತವಾಗಿ ಬರೆಯಬೇಕು ಎನ್ನುವವರು ಇನ್ನು ಕೆಲವರು. ಮಾಸ್ಟ್ರು ಮೊದಲನೆಯ ಪಕ್ಷ.

“ಕೈ ಸುಮ್ಮನೆ ಓಡ್ಲಿಕ್ಕೆ ಅದೇನು ಬ್ರೇಕಿಲ್ಲದ ಬಸ್ಸಾ ಮಾರಾಯ?” ಎಂದು ಮಾವ ಎರಡನೆಯದನ್ನು ಸೇರಿದರು.

ಮೂಡುಬಿದಿರೆಯಲ್ಲಿ ಚಿತ್ರ ಪ್ರದರ್ಶನವಿತ್ತು. ಆಯ್ಕೆ ಇವರಿಬ್ಬರದೇ; ಇಬ್ಬರೂ ಒಪ್ಪಿದರೆ ಮಾತ್ರ ಚಿತ್ರ ಗೋಡೆಗೆ. ಅದುವರೆಗೆ ನಾನು ಬರೆದದ್ದೆಲ್ಲ ಬೇರೆಯವರ ಅಂಗಡಿಯ ಹೆಸರು. ಒಂದಾದರೂ ನನ್ನದು ತೂಗಬೇಕೆಂಬ ಆಸೆ.

ಹದಿನೈದು ದಿನ, ನಲವತ್ತಾರು ಹಾಳೆ. ನಲವತ್ತೈದರಲ್ಲಿ ಕೈ ತಾನಾಗಿ ಬರೆದದ್ದು ಬೋರ್ಡಿಗೆ ಬರೆಯುವ, ಬದಿಗೆ ನೆರಳು ಕೊಟ್ಟ ಅಕ್ಷರಗಳನ್ನೇ. ಕೊನೆಯದರಲ್ಲಿ ಮಾತ್ರ ಅಕ್ಷರವಿಲ್ಲದ ಗೆರೆಯೊಂದು ಸುತ್ತಿ ಸುತ್ತಿ ಹರಿದಿತ್ತು. ಹಾಳೆ ಅಂಗೈಯಗಲ, ಪ್ರದರ್ಶನಕ್ಕೆ ಮೂರಡಿ ಬೇಕು. ಅಂಗಡಿಯಲ್ಲಿ ಕಲಿತಂತೆ ಹಾಳೆಗೆ ಚಿಕ್ಕ, ಹಲಗೆಗೆ ದೊಡ್ಡ ಚೌಕಗಳನ್ನು ಪೆನ್ಸಿಲಿನಲ್ಲಿ ಲೆಕ್ಕ ಸರಿಯಾಗಿ ಹಾಕಿ, ಒಂದೊಂದು ಚೌಕವನ್ನೂ ನೋಡಿ ನೋಡಿ, ನಾಲ್ಕು ದಿನದಲ್ಲಿ ಹಲಗೆಗೆ ಇಳಿಸಿದೆ. ಮಾವನಿಗೂ ಹಿಡಿಸಲೆಂದು ಫೋಟೋದ ಹಾಗೆ ನುಣುಪಾಗಿ ಬಣ್ಣ ತುಂಬಿದೆ.

ಮೂಡುಬಿದಿರೆಯಲ್ಲಿ ಆಯ್ಕೆಯ ದಿನ ಮಾಸ್ಟ್ರು ಹಲಗೆಗೆ ಮೂಗು ತಾಗಿಸಿದರು. “ಬಣ್ಣದಡಿಯಲ್ಲಿ ಇದೇನು, ಚೌಕವಾ?”

“ದೊಡ್ಡದು ಮಾಡ್ಲಿಕ್ಕೆ ಹಾಕಿದ್ದು, ಮಾಸ್ಟ್ರೇ.”

“ಯೋಚಿಸದೆ ಎಳೆದ ಗೆರೆಯನ್ನು ನಾಲ್ಕು ದಿನ ಯೋಚಿಸಿ ಎಳೆದದ್ದಾ? ಮೊನ್ನೆ ಬಂದ ನಗುವನ್ನು ಇವತ್ತು ಅಳತೆ ಹಿಡಿದು ನಕ್ಕ ಹಾಗೆ ಉಂಟು.”

ಮಾವ ಬೆರಳಾಡಿಸಿ ನೋಡಿದರು. “ಚೌಕದಲ್ಲಿ ತಪ್ಪಿಲ್ಲ, ಒಂದು ನೂಲೂ ಆಚೀಚೆ ಆಗ್ಲಿಲ್ಲ. ಆದ್ರೆ ಈ ಕನಸು ನಿನಗೆ ಬಿದ್ದದ್ದು ಯಾವಾಗ?”

“ಬೀಳ್ಲಿಲ್ಲ ಮಾವ.”

“ಹಾಗಾದ್ರೆ ಕಾಣದ್ದನ್ನು ಇಷ್ಟು ಚಂದ ಬರೆದದ್ದು ಯಾಕೆ?”

ಬೇಡವೆನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಹಲಗೆಯನ್ನು ಬಸ್ಸಿನ ಮೇಲೆ ಹಾಕಿ ವಾಪಸು ತಂದೆ.

ಎರಡು ವರ್ಷವಾಯಿತು, ಸಿಟ್ಟು ಇಳಿದಿಲ್ಲ. ಯೋಚಿಸದೆ ಎಳೆಯಿರಿ ಎಂದ ಆ ಕಲಾವಿದರು ಚಿಕ್ಕ ಹಾಳೆಯ ಗೆರೆಯನ್ನು ದೊಡ್ಡ ಕ್ಯಾನ್ವಾಸ್ ಬಟ್ಟೆಗೆ ದಾಟಿಸಿದ್ದು ಹೇಗೆ? ಅವರೂ ಚೌಕ ಹಾಕಿದ್ದರೆ? ಮಾಸ್ಟ್ರ ಪತ್ರಿಕೆಯಲ್ಲಿ ಅದಿಲ್ಲ. ತಿಳಿದವರು ಈ ಬರಹದ ಪ್ರಕಾಶಕರ ವಿಳಾಸಕ್ಕೆ ಒಂದು ಕಾರ್ಡು ಬರೆದು ಹಾಕಬೇಕು. ಉತ್ತರ ಬರಲಿ ಎಂದು ಹಲಗೆಯ ಬಣ್ಣವನ್ನು ನಾನಿನ್ನೂ ಕೆರೆದು ತೆಗೆದಿಲ್ಲ.