ನಂಜಣ್ಣನ ತಲೆನೋವು, ನನ್ನ ಸುಳ್ಳು

ನಂಜಣ್ಣನ ತಲೆನೋವಿಗೆ ಒಂದು ರೂಟ್ ಇತ್ತು. ಕುಣಿಗಲ್ಲಿನಿಂದ ಸಿ.ಎಸ್. ಪುರದ ಮಾರ್ಗವಾಗಿ ತುಮಕೂರಿಗೆ ಓಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟು ಗುಬ್ಬಿಯಲ್ಲಿ ನಮ್ಮ ಎದುರುಮನೆಗೆ ಬಂದ ಮೇಲೂ ನೋವನ್ನು ಸ್ಟಾಪಿನ ಲೆಕ್ಕದಲ್ಲೇ ಹೇಳುತ್ತಿದ್ದರು. ಬೆಳಿಗ್ಗೆ ಹಣೆಗೆ ಒದ್ದೆ ಟವೆಲ್ ಬಿಗಿದು ಜಗಲಿಯ ಮೇಲೆ ಕೂತಿದ್ದಾಗ "ಹೆಂಗೈತೆ ನಂಜಣ್ಣ?" ಅಂದರೆ, "ಇನ್ನೂ ಕುಣಿಗಲ್ ಸ್ಟಾಂಡಲ್ಲೇ ಐತೆ ಕಣೋ ರಂಗ, ಜನ ಹತ್ತುತಾವ್ರೆ" ಅನ್ನುತ್ತಿದ್ದರು. ಸಿ.ಎಸ್. ಪುರ ದಾಟಿತೆಂದರೆ ಒಂದು ಕಣ್ಣು ಮುಚ್ಚುತ್ತಿತ್ತು. ತುಮಕೂರು ಮುಟ್ಟಿತೆಂದರೆ ಕಿಟಕಿ ಬಾಗಿಲು ಹಾಕಿ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಮಲಗುತ್ತಿದ್ದರು. ಆಗ ಅಕ್ಕಪಕ್ಕದವರು ಒಗ್ಗರಣೆ ಹಾಕಿದರೂ ಒಳಗಿನಿಂದ ಬೈಗುಳ ಬರುತ್ತಿತ್ತು.

ಕೊರೋನಾ ಬಂದು ಊರಿನ ಬಸ್ಸುಗಳೆಲ್ಲ ನಿಂತಾಗ ಇವರ ತಲೆನೋವಿನ ಬಸ್ಸು ಮಾತ್ರ ದಿನಾ ಓಡತೊಡಗಿತು. ಮೆಡಿಕಲ್ ಸ್ಟೋರ್ ಮುಚ್ಚಿಬಿಡುತ್ತದೆಂಬ ಭಯಕ್ಕೆ ಕೈಚೀಲದ ತುಂಬ ಮಾತ್ರೆ ತಂದಿಟ್ಟುಕೊಂಡಿದ್ದರು. ಇದ್ದ ಮೇಲೆ ಸುಮ್ಮನಿರುವುದುಂಟೆ? ನೋವು ಬರುವ ಮುಂಚೆಯೇ ನುಂಗುತ್ತಿದ್ದರು. "ಮೊದ್ಲೇ ರಿಸರ್ವೇಶನ್ ಮಾಡುಸ್ತಾ ಇದೀನಿ, ಬಸ್ ಬಂದ್ಮೇಲೆ ಸೀಟ್ ಸಿಗಾಕಿಲ್ಲ" ಎಂದು ಹಾಲಿನ ಸಿದ್ದಪ್ಪನ ಕೈಲಿ ನನಗೆ ಹೇಳಿ ಕಳಿಸುತ್ತಿದ್ದರು. ನಾನಂತೂ ಬಾಗಿಲೇ ತೆಗೆಯುತ್ತಿರಲಿಲ್ಲ.

ನನಗೆ ಸಕ್ಕರೆ ಕಾಯಿಲೆ. ತಲೆನೋವೂ ಕೊರೋನಾದ ಲಕ್ಷಣವೆಂದು ಟಿ.ವಿ.ಯಲ್ಲಿ ಹೇಳಿದ್ದೇ ತಡ, ಕಿಟಕಿಯಿಂದ ಎದುರಿನ ಟವೆಲ್ ಕಂಡರೆ ಬೆವರುತ್ತಿದ್ದೆ. ಆಗಲೇ ಆಶಾ ಕಾರ್ಯಕರ್ತೆ ಬಂದು, "ಬೀದೀಲಿ ಯಾರ್ಗಾದ್ರೂ ಹುಷಾರಿಲ್ವಾ ಅಜ್ಜ?" ಅಂದಳು.

"ಎದುರುಮನೆ ನಂಜಣ್ಣಂಗೆ ತಲೆನೋವು."

"ಅದು ಊರಿಗೇ ಗೊತ್ತು ಬುಡಿ. ಜ್ವರ ಐತಾ?"

"ಐತೆ" ಅಂದೆ.

ನೋಡಿರಲಿಲ್ಲ, ಕೇಳಿರಲಿಲ್ಲ. ಹೇಳಿಬಿಟ್ಟೆ.

ಮಾರನೆಯ ದಿನ ಆಂಬುಲೆನ್ಸ್ ಬಂತು. ನಂಜಣ್ಣ ಟವೆಲ್, ಮಾತ್ರೆಯ ಕೈಚೀಲ ಸಮೇತ ಅದರ ಹಿಂಬಾಗಿಲಲ್ಲಿ ನಿಂತು, "ಎಲ್ಲೆಲ್ಲಿ ಸ್ಟಾಪ್ ಐತಪ್ಪ ಇದ್ಕೆ?" ಎಂದು ಡ್ರೈವರನನ್ನು ಕೇಳಿದರು. ಅವನು ನಗಲಿಲ್ಲ. ತುಮಕೂರಿನ ಯಾವುದೋ ಹಾಸ್ಟೆಲಿನಲ್ಲಿ ಹದಿನಾಲ್ಕು ದಿನ ಇಟ್ಟರು. ಅಷ್ಟು ದಿನವೂ ನನಗೆ ಅನ್ನ ಇಳಿಯಲಿಲ್ಲ. ಸಕ್ಕರೆ ಮಾತ್ರ ಇಳಿಯಿತು.

ಅವರಿಗೆ ರೋಗವಿರಲಿಲ್ಲ. ವಾಪಸು ಬಂದಾಗ ಹಣೆಯಲ್ಲಿ ಟವೆಲ್ಲೂ ಇರಲಿಲ್ಲ. ಅಲ್ಲಿನ ಡಾಕ್ಟರಮ್ಮ ಕೈಚೀಲ ನೋಡಿ ಹೌಹಾರಿ, ದಿನಾ ನುಂಗುವ ಮಾತ್ರೆಯೇ ತಲೆನೋವು ತರುತ್ತಿದೆ ಎಂದು ಅದನ್ನು ಕಿತ್ತಿಟ್ಟುಕೊಂಡರಂತೆ. "ಮೊದಲ್ನೇ ವಾರ ಗೋಡೆಗೆ ತಲೆ ಚಚ್ಕಂಡೆ ಕಣೋ. ಆಮೇಲೆ ತಾನೇ ಇಳೀತಾ ಬಂತು" ಎಂದರು. ಅಲ್ಲಿಂದ ಮುಂದೆ ತಿಂಗಳಿಗೆ ಒಂದೋ ಎರಡೋ ಟ್ರಿಪ್ಪು, ಅಷ್ಟೇ.

ಆಂಬುಲೆನ್ಸ್ ಬರುವ ಮುಂಚೆ ಅವರ ಮನೆಗೆ ಬಂದುಹೋಗುತ್ತಿದ್ದವನು ಸಿದ್ದಪ್ಪನೊಬ್ಬನೇ. ಹಾಗಾಗಿ ಸುದ್ದಿ ಮುಟ್ಟಿಸಿದವನು ಅವನೇ ಎಂದು ನಂಜಣ್ಣ ತೀರ್ಮಾನಿಸಿದರು. ಅವನಿಗೆ ಪಂಚೆ, ತೆಂಗಿನಕಾಯಿ ಕೊಟ್ಟು, "ನನ್ ಪಾಲಿನ ದೇವ್ರು ಕಣಯ್ಯ ನೀನು" ಅಂದರು. ಸಿದ್ದಪ್ಪ "ನಾನಲ್ಲ" ಎಂದು ಎರಡು ಸಲ ಹೇಳಿ, ಪಂಚೆಯ ಅಂಚು ಮುಟ್ಟಿ ನೋಡಿ, ಮೂರನೆಯ ಸಲ ಸುಮ್ಮನಾದ. ಬೀದಿಯೆಲ್ಲ ಅವನನ್ನು ಹೊಗಳಿತು. ಪಾಪ ನನ್ನದು, ಪಂಚೆ ಅವನದು. ಇದನ್ನೂ ಒಪ್ಪಿಕೊಳ್ಳುತ್ತೇನೆ: ನಿಜ ಹೇಳಬೇಕೆಂದು ನನಗೆ ಮೊದಲು ಅನಿಸಿದ್ದು ಹೊಟ್ಟೆಕಿಚ್ಚಿನಿಂದ. ಪಶ್ಚಾತ್ತಾಪ ಆಮೇಲೆ ಬಂತು, ನಿಧಾನವಾಗಿ. ಆದರೂ ಮೂರು ವರ್ಷ ಬಾಯಿ ಬಿಡಲಿಲ್ಲ.

ಕಳೆದ ವರ್ಷ ಅವರು ಕುಣಿಗಲ್ಲಿನ ಮಗಳ ಮನೆಗೆ ಹೊರಟು ನಿಂತರು. ಆ ದಿನ ಕಾಫಿಗೆ ಕರೆದು ಹೇಳಿಬಿಟ್ಟೆ. "ನಂಜಣ್ಣ, ನಿಂಗೆ ಜ್ವರ ಐತೆ ಅಂದೋನು ನಾನು. ಹೆದ್ರಕಂಡು ಸುಳ್ಳು ಹೇಳ್ದೆ."

ಒಳ್ಳೆಯದೇ ಆಯಿತಲ್ಲ ಎಂದು ನಗುತ್ತಾರೆ ಅಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

"ಅಲ್ಲೇ ಆ ರೋಗ ಅಂಟಿ ಸತ್ತೋಗಿದ್ರೆ ಏನ್ಲಾ ಮಾಡ್ತಿದ್ದೆ?"

ಅವರ ಲೋಟಕ್ಕೆ ಬಿಸಿ ಕಾಫಿ ಬೆರೆಸಲು ಹೋದೆ, ಕೈ ಅಡ್ಡ ಹಿಡಿದರು.

"ಹತ್ತು ಹೆಜ್ಜೆ ಕಣೋ ರಂಗ. ಬಂದು ಬಾಗ್ಲಾಚೆ ನಿಂತು ಜ್ವರ ಐತಾ ಅಂತ ಕೇಳಿದ್ರೆ ನಾನೇ ಹೇಳ್ತಿದ್ದೆ."

ಲೋಟ ಎತ್ತಿಕೊಂಡು, ಆರಿದ ಕಾಫಿಯನ್ನು ಪೂರ್ತಿ ಕುಡಿದರು. "ಸಿದ್ದಪ್ಪಂಗೆ ಹೇಳ್ಬೇಡ. ಪಂಚೆ ವಾಪಸ್ ತಂದ್‌ಬುಟ್ಟಾನು, ಉಟ್ಟು ಹರ್ದಿರೋದು."

ಅವರು ಹೋದ ಸಂಜೆ ನಮ್ಮ ಹೊಸಿಲಿನಿಂದ ಅವರ ಬಾಗಿಲವರೆಗೆ ನಡೆದು ಎಣಿಸಿದೆ. ಈ ಮಂಡಿನೋವಿನಲ್ಲೂ ಏಳೇ ಹೆಜ್ಜೆ.