ಗ್ರಂಥಕ್ಕೆ ಗಂಟು ಹಾಕುವ ಶಂಕ್ರಮ್ಮ

ಕುಷ್ಟಗಿಯ ಹಳೆ ಪೇಟೆಗೆ ಇನ್ನೂ ಹಾಲಿನವರು ಬಂದಿಲ್ಲ. ಶಂಕ್ರಮ್ಮ ಅಂಗಳ ಗುಡಿಸಿ, ಕೈ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯ ಮಣೆಯ ಮುಂದೆ ಕೂತಿದ್ದಾರೆ. ನೂಲನ್ನು ಮೇಣದ ಉಂಡೆಯ ಮೇಲೆ ಎಳೆದು, ಸೂಜಿಗೆ ಪೋಣಿಸಿ, ಹಾಳೆಯ ಮಡಿಕೆಯೊಳಗೆ ಇಳಿಸುತ್ತಾರೆ. ಎದುರಿಗಿರುವುದು ಯಲಬುರ್ಗಾ ಸೀಮೆಯ ಮಂಗಳೂರು ಎಂಬ ಹಳ್ಳಿಯ ಪುರಾಣ. ಇಂದು ಸಂಜೆ ಅಲ್ಲಿಯ ಗುಡಿಯಲ್ಲಿ ಶ್ರಾವಣದ ಪುರಾಣಕ್ಕೆ ಮಂಗಲ. ಅಷ್ಟರೊಳಗೆ ಬಿಡಿಬಿಡಿಯಾಗಿರುವ ಸಂಧಿಗಳೆಲ್ಲ ಒಂದು ಪುಸ್ತಕವಾಗಬೇಕು.

ಹೊಸಿಲ ಬಳಿ ಕಾದು ಕೂತವರು ಆ ಗುಡಿಯಲ್ಲಿ ಪುರಾಣ ಓದುವ ಪಂಪಾಪತಿ. ಹೋದ ವರ್ಷ ಊರವರು ಪುಸ್ತಕ ಹೊಸದಾಗಿ ಕಾಣಲೆಂದು ದೂರದ ಅಂಗಡಿಯೊಂದಕ್ಕೆ ಕೊಟ್ಟಿದ್ದರು. ಅಲ್ಲಿ ಬೆನ್ನು ಕತ್ತರಿಸಿ, ಅಂಟು ಬಳಿದು, ಮಿರುಗುವ ರಟ್ಟು ಹಾಕಿಕೊಟ್ಟರು. ಈ ಶ್ರಾವಣದ ಮೊದಲ ಸೋಮವಾರ ವ್ಯಾಸಪೀಠದ ಮೇಲೆ ಅಗಲಿಸಿದ್ದೇ ತಡ, ಅಂಟು ಸಿಡಿದು ಹಾಳೆಗಳು ಪಂಪಾಪತಿಯವರ ಮಡಿಲಿಗೆ ಉದುರಿದವು. ಹಿಡಿದ ಪುರಾಣ ಮಂಗಲದವರೆಗೆ ಒಂದು ಸಂಜೆಯೂ ನಿಲ್ಲಬಾರದೆಂಬುದು ಊರ ಕಟ್ಟಳೆ. ಮರುದಿನ ಮೊದಲ ಬಸ್ಸಿಗೆ ಪಂಪಾಪತಿ ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಇಲ್ಲಿಗೆ ತಂದರು.

“ಅಂಟು ಬಳದು ಮುಚ್ಚಿದ್ದು ಹಪ್ಪಳದ ಡಬ್ಬಿ ಆಗತೈತಿ, ಪುರಾಣ ಆಗಂಗಿಲ್ಲರಿ ಅಣ್ಣಾರ,” ಎಂದರಂತೆ ಶಂಕ್ರಮ್ಮ.

“ಬೈಯೂದು ಆಮ್ಯಾಲ ಬೈರಿ ಯವ್ವಾ. ಸಂಜಿಗೆ ಊರ ಮಂದಿ ಕೂಡತೈತಿ,” ಎಂದರಂತೆ ಪಂಪಾಪತಿ.

ಬೆನ್ನು ಕತ್ತರಿಸಿದ್ದರಿಂದ ಹೊಲಿಯಲು ಮಡಿಕೆಯೇ ಉಳಿದಿರಲಿಲ್ಲ. ಎರಡೆರಡು ಹಾಳೆಗಳ ನಡುವೆ ತೆಳು ಕಾಗದದ ಪಟ್ಟಿ ಅಂಟಿಸಿ, ಒಣಗಿಸಿ, ಮಡಿಚಿ, ಆಮೇಲೆ ಹೊಲಿಯಬೇಕು. ಒಂದು ದಿನಕ್ಕೆ ಮುಗಿಯುವ ಕೆಲಸವಲ್ಲ. ಶಂಕ್ರಮ್ಮ ಕೇಳಿದ್ದು ಇಷ್ಟೇ: “ಇವತ್ತ ಎಲ್ಲೀತನಕ ಓದ್ತೀರಿ?” ಅಷ್ಟನ್ನು ಹೊಲಿದು ಕೊಟ್ಟರು. ನಾಳೆಯ ಸಂಧಿ ನಾಳೆಯ ಬಸ್ಸಿಗೆ. ಹೀಗೆ ಶ್ರಾವಣವಿಡೀ ಪುರಾಣ ಬಸ್ಸಿನಲ್ಲಿ ಓಡಾಡಿದೆ. ಓದಿ ಮುಗಿದ ಸಂಧಿಗಳು ತಿರುಗಿ ಬಂದು ಈ ಪಡಸಾಲೆಯಲ್ಲಿ ಕೂಡಿವೆ.

ಮರಳಿ ಎಂಬ ಊರಿನ ಗದ್ದೆಸೀಮೆಯಿಂದ ಸೊಸೆಯಾಗಿ ಬಂದಾಗ ಶಂಕ್ರಮ್ಮನವರಿಗೆ ಗೊತ್ತಿದ್ದದ್ದು ಕುಪ್ಪಸದ ಹೊಲಿಗೆ. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಕಚೇರಿಗಳಿಗೆ ರಿಜಿಸ್ಟರು ಹೊಲಿದು ಹೊಲಿದು ಮಾವ ಕಳಕಪ್ಪನವರ ಕೈ ಸೋತವು, ದಬ್ಬಳ ಸೊಸೆಯ ಕೈಗೆ ಬಂತು. ಕಂಪ್ಯೂಟರ್ ಬಂದ ಮೇಲೆ ರಿಜಿಸ್ಟರುಗಳೂ ಹೋದವು. ಈಗ ಶಾಲೆಯ ಹಳೆ ಪುಸ್ತಕ, ಮಠ-ಗುಡಿಗಳ ಪುರಾಣ ಎಲ್ಲ ಸೇರಿ ದಿನಕ್ಕೆ ಎರಡು ಮೂರು ಬಂದರೆ ಹೆಚ್ಚು. ನೂಲು ಎಳೆದೆಳೆದು ಬೆರಳ ತುದಿ ಕಾಯಿಗಟ್ಟಿವೆ.

ಗ್ರಂಥ ಎಂಬ ಮಾತಿನ ಬೇರೂ ಈ ಕಸುಬಿನಲ್ಲೇ ಇದೆ ಎನ್ನುತ್ತಾರೆ ಬಲ್ಲವರು. ಸಂಸ್ಕೃತದಲ್ಲಿ ಅದರ ಧಾತುವಿಗೆ ಕಟ್ಟು, ಪೋಣಿಸು ಎಂಬ ಅರ್ಥ. ಗಂಟು ಎಂದರೆ ಗ್ರಂಥಿ. ಸೂತ್ರ ಎಂದರೂ ಮೊದಲಿಗೆ ದಾರವೇ. ತಾಳೆಗರಿಗೆ ತೂತು ಕೊರೆದು, ದಾರ ಪೋಣಿಸಿ ಇಟ್ಟ ವಚನಗಳನ್ನು ನಮ್ಮ ಹಿರಿಯರು ‘ಕಟ್ಟು’ ಎಂದೇ ಕರೆದರು. ದೇವರ ಮಾತಿಗೆ ಹೆಸರಿಡುವಾಗ ಅದನ್ನು ಹಿಡಿದಿಟ್ಟ ಎಳೆಯನ್ನು ಅವರು ಮರೆಯಲಿಲ್ಲ.

“ಪಂಪಾಪತಿ ಅಣ್ಣಾರು ಒಂದಿನ ಬಸ್ಸಿಗೆ ಕಾಯೂ ಮುಂದ ಇದನ್ನ ಹೇಳಿದ್ರು. ನಮ್ಮ ಮಾವ ಇದ್ದಿದ್ರ ಭಾಳ ಖುಷಿ ಪಡತಿದ್ದರ್ರಿ,” ಎನ್ನುತ್ತಾರೆ ಶಂಕ್ರಮ್ಮ.

ಹೊರಗೆ ಜಿಟಿಜಿಟಿ ಮಳೆ. ಕೊನೆಯ ಪಟ್ಟಿಗೆ ಹಚ್ಚಿದ, ಮೈದಾ ಕುದಿಸಿ ಮಾಡಿದ ಖಳಿ ಒಣಗುತ್ತಿಲ್ಲ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಇಮಾಮಬಾನು ಕಾದ ಇಸ್ತ್ರಿ ಪೆಟ್ಟಿಗೆ ಹಿಡಿದು ಬರುತ್ತಾಳೆ.

“ತಗೋ ಶಂಕ್ರಕ್ಕ, ಅರಿವಿ ಹಾಸಿ ಮ್ಯಾಲ ಆಡಿಸು. ಸುಟ್ಟಗಿಟ್ಟಿ, ಊರ ಪುರಾಣ ಐತಿ.”

“ನೀ ಗಿರಾಕಿ ಜಂಪರ್ ಸುಟ್ಟಂಗ ಸುಡಂಗಿಲ್ಲ ಬಿಡವಾ.”

ಮೊದಲು ನಗುವವಳು ಇಮಾಮಬಾನುವೇ.

ಪಟ್ಟಿ ಒಣಗುತ್ತದೆ. ಸಂಧಿಗೆ ಸಂಧಿ ಸೇರಿ ಬೆನ್ನು ಮೂಡುತ್ತದೆ. ಕೊನೆಯ ಗಂಟನ್ನು ಹೊಲಿದವರು ಒಬ್ಬರೇ ಬಿಗಿಯುವಂತಿಲ್ಲ, ಓದುವವರು ಇನ್ನೊಂದು ತುದಿ ಹಿಡಿಯಬೇಕು. ಅದು ಕಳಕಪ್ಪನವರು ಹಾಕಿಕೊಟ್ಟ ಪದ್ಧತಿ. ಪಂಪಾಪತಿ ಕೈ ತೊಳೆದು ಬಂದು ಎಳೆ ಹಿಡಿಯುತ್ತಾರೆ. ಗಂಟು ಬಿದ್ದ ಮೇಲೆ ಶಂಕ್ರಮ್ಮ ಪುಸ್ತಕವನ್ನು ನಟ್ಟನಡುವೆ ತೆರೆದು ಮಣೆಯ ಮೇಲಿಟ್ಟು ಕೈ ತೆಗೆಯುತ್ತಾರೆ. ಅದು ಅಂಗೈಯಂತೆ ಅಗಲವಾಗಿ ಮಲಗುತ್ತದೆ. ಒಂದು ಹಾಳೆಯೂ ಏಳುವುದಿಲ್ಲ.

“ಸಂಜಿಗೆ ನೀವೂ ಬರ್ರಿ ಯವ್ವಾ, ಮುಂದ ಕುಂದರಿಸ್ತೇವಿ,” ಎನ್ನುತ್ತಾರೆ ಪಂಪಾಪತಿ, ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತುತ್ತ.

“ಬರ್ತೀನ್ರಿ. ಆದ್ರ ಎಲ್ಲಾರ ಹಿಂದ ಕುಂದರತೀನಿ,” ಎನ್ನುತ್ತಾರೆ ಶಂಕ್ರಮ್ಮ. “ಅಲ್ಲಿಗೆ ಪುರಾಣದ ಮಾತಷ್ಟ ಕೇಳಬೇಕು. ಹಾಳಿ ತಿರುವೂ ಮುಂದ ಬೆನ್ನು ಚಟಚಟ ಅನ್ನೂ ಸಪ್ಪಳ ಕೇಳಲಿಲ್ಲಂದ್ರ, ಕೆಲಸ ಛಲೋ ಆಗೈತಿ ಅಂತ ನನಗ ತಿಳೀತೈತಿ.”